ಏಳು ಷಿಲ್ಲಿಂಗಿನ ತೀರ್ಪು: ನ್ಯಾಯಮೂರ್ತಿ ಹಿಗ್ಗಿನ್ಸರ ಜೀವಿತ

ದಿನವಿಡೀ ಮೈಮುರಿದು ದುಡಿದವನಿಗೆ ಸಂಜೆ ಸಲ್ಲತಕ್ಕ ಕೂಲಿ ಎಷ್ಟು? ಈ ಪ್ರಶ್ನೆ ಹೊಸದಲ್ಲ. ಧಣಿ ಮತ್ತು ಆಳು ಎಂಬ ಸಂಬಂಧ ಹುಟ್ಟಿದಂದಿನಿಂದ ಅದು ಇದ್ದೇ ಇದೆ. ಪೂರ್ವಕಾಲದಲ್ಲಿ ಅದಕ್ಕೆ ವಾಡಿಕೆ ಉತ್ತರ ಹೇಳುತ್ತಿತ್ತು. ಕಾರ್ಖಾನೆಗಳು ಬಂದ ಮೇಲೆ ಸಂತೆಯ ಚೌಕಾಸಿ ಉತ್ತರ ಹೇಳತೊಡಗಿತು. ಕೆಲಸ ಕೊಡುವವನು ಎಷ್ಟು ಕಡಿಮೆಗೆ ಒಪ್ಪಿಸಬಲ್ಲನೋ, ಹಸಿದವನು ಎಷ್ಟು ಕಡಿಮೆಗೆ ಒಪ್ಪಿಯಾನೋ, ಅದೇ ಕೂಲಿಯೆಂದಾಯಿತು. ಇದು ಚೌಕಾಸಿಗೆ ಬಿಡತಕ್ಕ ವಿಷಯವಲ್ಲ, ನ್ಯಾಯಾಸನದ ಮುಂದೆ ವಿಚಾರಣೆಯಾಗತಕ್ಕ ವಿಷಯವೆಂದು ತಿಳಿದು, ಅದಕ್ಕೊಂದು ಅಳತೆಗೋಲನ್ನೂ ಹುಡುಕಿಕೊಟ್ಟ ನ್ಯಾಯಾಧೀಶರೊಬ್ಬರಿದ್ದರು. ಅವರು ಆಸ್ಟ್ರೇಲಿಯಾ ದೇಶದ ಹೆನ್ರಿ ಬೋರ್ನ್ಸ್ ಹಿಗ್ಗಿನ್ಸ್. ಐರ್ಲೆಂಡಿನಲ್ಲಿ ಹುಟ್ಟಿ, ಹದಿನೆಂಟರ ಹರೆಯದಲ್ಲಿ ಕಡಲು ದಾಟಿ, ಹೊಸ ನಾಡಿನಲ್ಲಿ ವಕೀಲರಾಗಿ, ಶಾಸನಸಭೆಯ ಸದಸ್ಯರಾಗಿ, ಕೊನೆಗೆ ಆ ದೇಶದ ಅತ್ಯುಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಇವರ ಜೀವಿತವನ್ನೂ, ಇವರ ಹೆಸರನ್ನು ಉಳಿಸಿದ ತೀರ್ಪನ್ನೂ ಈ ಸಂಜೆ ಶ್ರೋತೃಗಳ ಮುಂದಿಡಲು ನಾವು ಅಪೇಕ್ಷಿಸುತ್ತೇವೆ. ವಿಷಯ ದೂರದ ದೇಶದ್ದಾದರೂ ಅದರ ಫಲ ನಮ್ಮ ಮನೆಯ ಬಾಗಿಲವರೆಗೂ ಬಂದಿದೆಯೆಂಬುದು ಮುಂದೆ ತಿಳಿಯುತ್ತದೆ.

ಹಿಗ್ಗಿನ್ಸರು ಹುಟ್ಟಿದ್ದು 1851ನೆಯ ಇಸವಿ ಜೂನ್ 30ರಂದು, ಉತ್ತರ ಐರ್ಲೆಂಡಿನ ಡೌನ್ ಪ್ರಾಂತದ ನ್ಯೂಟೌನಾರ್ಡ್ಸ್ ಎಂಬ ಊರಿನಲ್ಲಿ. ಅದರ ಮಾರನೆಯ ದಿನವೇ, ಎಂದರೆ ಜುಲೈ 1ರಂದು, ಭೂಗೋಳದ ಇನ್ನೊಂದು ಮಗ್ಗುಲಲ್ಲಿ ವಿಕ್ಟೋರಿಯಾ ಎಂಬ ಹೊಸ ವಸಾಹತು ಪ್ರತ್ಯೇಕವಾಗಿ ಅಸ್ತಿತ್ವಕ್ಕೆ ಬಂದಿತು. ಅದೇ ವರ್ಷ ಅಲ್ಲಿ ಚಿನ್ನವೂ ಸಿಕ್ಕಿತು. ಮುಂದೆ ಈ ಶಿಶುವಿನ ಬಾಳೆಲ್ಲ ಆ ವಸಾಹತಿನೊಡನೆ ಹೆಣೆದುಕೊಳ್ಳುವುದಿತ್ತು. ತಂದೆ ವೆಸ್ಲಿಯನ್ ಪಂಥದ ಪಾದ್ರಿಗಳು. ಊರಿಂದೂರಿಗೆ ವರ್ಗವಾಗುತ್ತಿದ್ದ ಆ ಸಂಸಾರದಲ್ಲಿ ಮಕ್ಕಳು ಬಹಳ, ಹಣ ಸ್ವಲ್ಪ. ಹುಡುಗ ಡಬ್ಲಿನ್ನಿನ ವೆಸ್ಲಿಯನ್ ಶಾಲೆಯಲ್ಲಿ ಓದಿ, ಇನ್ನೂ ಮೀಸೆ ಮೂಡುವ ಮೊದಲೇ ಬಟ್ಟೆಯ ಮಳಿಗೆಯಲ್ಲಿ ದುಡಿಮೆಗೆ ನಿಂತನು. ಶರೀರ ದುರ್ಬಲ, ಸ್ವಭಾವ ಸಂಕೋಚದ್ದು, ಇವುಗಳ ಮೇಲೆ ಉಗ್ಗು ಬೇರೆ. ಮುಂದೆ ಮಾತಿನಿಂದಲೇ ಜೀವಿಸಬೇಕಾದವನಿಗೆ ಇದಕ್ಕಿಂತ ಪ್ರತಿಕೂಲವಾದ ಬಂಡವಾಳ ಬೇರೊಂದಿರಲಾರದು.

ಹಿರಿಯ ಮಗನು ಕ್ಷಯದಿಂದ ತೀರಿಕೊಂಡನು. ಉಳಿದ ಮಕ್ಕಳನ್ನಾದರೂ ಬೆಚ್ಚನೆಯ ಹವೆಯಲ್ಲಿ ಉಳಿಸಿಕೊಳ್ಳಬೇಕೆಂದು ತಂದೆತಾಯಿಗಳು ಊರು ಬಿಟ್ಟರು. 1870ರ ಫೆಬ್ರವರಿಯಲ್ಲಿ ಸಂಸಾರ ಮೆಲ್ಬರ್ನ್ ಪಟ್ಟಣದಲ್ಲಿ ಇಳಿಯಿತು. ಚಿನ್ನದ ಹಣದಿಂದ ಬೆಳೆದು ನಿಂತ ಆ ಪಟ್ಟಣದಲ್ಲಿ ಆಗಲೇ ಒಂದು ವಿಶ್ವವಿದ್ಯಾನಿಲಯವಿತ್ತು. ಹಿಗ್ಗಿನ್ಸರು ಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತ ಅಲ್ಲಿ ಓದಿದರು. ಸ್ವತಃ ಐರಿಷ್ ವಲಸಿಗರಾಗಿದ್ದ ಹರ್ನ್ ಎಂಬ ಪ್ರಾಧ್ಯಾಪಕರು ಅವರಿಗೆ ನ್ಯಾಯಶಾಸ್ತ್ರವನ್ನು ಕಲಿಸಿದರು. 1876ರಲ್ಲಿ ಅವರು ವಕೀಲವೃತ್ತಿಗೆ ಪ್ರವೇಶಿಸಿದರು. ಉಗ್ಗಿನ ಹುಡುಗ ಹಠ ಹಿಡಿದು ನಾಲಗೆಯನ್ನು ತಿದ್ದಿಕೊಂಡಿದ್ದನು.

ಅವರು ಆರಿಸಿಕೊಂಡ ಶಾಖೆ ಈಕ್ವಿಟಿ. ಇದನ್ನು ಎರಡು ಮಾತಿನಲ್ಲಿ ವಿವರಿಸಬೇಕು. ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಒಂದು ಭಾಗ ಕಟ್ಟಾ ಕಾನೂನು. ಬರೆದ ಪತ್ರ, ಒತ್ತಿದ ಮುದ್ರೆ, ಹಿಂದಿನ ನಿದರ್ಶನ, ಇವುಗಳಿಂದ ಅದು ಕದಲದು. ಇನ್ನೊಂದು ಭಾಗ ಧರ್ಮಬುದ್ಧಿಯನ್ನು ಆಶ್ರಯಿಸಿದ್ದು. ಕಾನೂನಿನ ಅಕ್ಷರದಿಂದ ಅನ್ಯಾಯವಾಗುವ ಕಡೆ ನ್ಯಾಯಾಧಿಪತಿಯ ಮನಸ್ಸಾಕ್ಷಿ ಅಡ್ಡ ಬಂದು ತಡೆಯುವುದುಂಟು. ಇನ್ನೊಬ್ಬರ ಆಸ್ತಿಯನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನ ಹೊಣೆ, ಬಲಿಷ್ಠನು ದುರ್ಬಲನಿಂದ ಬರೆಸಿಕೊಂಡ ಕರಾರಿನ ಬೆಲೆ, ಇಂತಹ ವಿಷಯಗಳೆಲ್ಲ ಈ ಶಾಖೆಗೆ ಸೇರಿದವು. ಹಿಗ್ಗಿನ್ಸರು ಇದರಲ್ಲಿ ಪ್ರವೀಣರೆಂದು ಹೆಸರು ಪಡೆದು ಬೇಕಾದಷ್ಟು ಸಂಪಾದಿಸಿದರು. ಸಂಪಾದನೆಗಿಂತ ಮುಖ್ಯವಾದುದು ಮತ್ತೊಂದು: ಕರಾರಿಗೆ ಸಹಿ ಹಾಕಿದ ಮಾತ್ರಕ್ಕೆ ಅದು ನ್ಯಾಯವಾಗಲಾರದೆಂಬ ಸಂಸ್ಕಾರ ಅವರಲ್ಲಿ ಬೇರೂರಿತು.

ಆ ಸಂಸ್ಕಾರಕ್ಕೆ ಪರೀಕ್ಷೆಯ ಕಾಲವೂ ಬಂದಿತು. 1890ರಲ್ಲಿ ಹಡಗುಕಟ್ಟೆಗಳಲ್ಲಿ ಮಹಾ ಮುಷ್ಕರವಾಯಿತು. 1891ರಲ್ಲಿಯೂ 1894ರಲ್ಲಿಯೂ ಕುರಿಯ ಉಣ್ಣೆ ಕತ್ತರಿಸುವವರು ಮುಷ್ಕರ ಹೂಡಿದರು. 1893ರಲ್ಲಿ ಬ್ಯಾಂಕುಗಳು ಒಂದರ ಮೇಲೊಂದು ಬಾಗಿಲು ಹಾಕಿದವು. ಮುಷ್ಕರಗಳಲ್ಲಿ ಕಾರ್ಮಿಕರು ಸೋತರು. ಆದರೆ ಗೆದ್ದವರಿಗೂ ನೆಮ್ಮದಿ ಉಳಿಯಲಿಲ್ಲ. ಹಸಿವಿನ ಬಲದಿಂದ ಗೆದ್ದದ್ದು ಶಾಂತಿಯಲ್ಲವೆಂದು ಯೋಚಿಸುವವರೆಲ್ಲರಿಗೂ ತೋರಿತು. ಖಾಸಗಿ ಸೇಡು ತೀರಿಸಿಕೊಳ್ಳುವುದನ್ನು ಬಿಡಿಸಿ ಜನರನ್ನು ನ್ಯಾಯಸ್ಥಾನಕ್ಕೆ ಕರೆತಂದ ನಾಗರಿಕತೆ, ಧಣಿಗಳ ಮತ್ತು ಆಳುಗಳ ಕಾಳಗವನ್ನು ಮಾತ್ರ ಬೀದಿಗೆ ಬಿಡುವುದೇಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಗ್ಗಿನ್ಸರು 1894ರಲ್ಲಿ ಜೀಲಾಂಗ್ ಕ್ಷೇತ್ರದಿಂದ ವಿಕ್ಟೋರಿಯಾದ ಶಾಸನಸಭೆಯನ್ನು ಪ್ರವೇಶಿಸಿದರು.

ಆರು ವಸಾಹತುಗಳು ಒಂದು ರಾಷ್ಟ್ರವಾಗಿ ಕೂಡಬೇಕೆಂಬ ಪ್ರಯತ್ನ ಆಗ ನಡೆಯುತ್ತಿತ್ತು. 1897 ಮತ್ತು 1898ರಲ್ಲಿ ಸೇರಿದ ಸಂವಿಧಾನ ಸಮ್ಮೇಳನಕ್ಕೆ ಜನರೇ ಆರಿಸಿದ ಪ್ರತಿನಿಧಿಗಳಲ್ಲಿ ಹಿಗ್ಗಿನ್ಸರೂ ಒಬ್ಬರು. ಅಲ್ಲಿ ಅವರು ಮಾಡಿದ ಎರಡು ಕೆಲಸಗಳು ಇಂದಿಗೂ ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಉಳಿದಿವೆ. ಒಂದು, ರಾಷ್ಟ್ರವು ಯಾವ ಮತವನ್ನೂ ರಾಜಮತವಾಗಿ ಸ್ಥಾಪಿಸಕೂಡದು, ಯಾರ ಮತಾಚರಣೆಗೂ ಅಡ್ಡಿಪಡಿಸಕೂಡದು ಎಂಬ 116ನೆಯ ವಿಧಿ. ಇನ್ನೊಂದು, ಒಂದು ರಾಜ್ಯದ ಎಲ್ಲೆಯನ್ನು ಮೀರಿ ಹಬ್ಬಿದ ಕೈಗಾರಿಕಾ ವಿವಾದಗಳನ್ನು ಸಂಧಾನ ಮಧ್ಯಸ್ಥಿಕೆಗಳಿಂದ ತೀರಿಸುವುದಕ್ಕೆ ಕಾನೂನು ಮಾಡುವ ಅಧಿಕಾರ. ಎರಡನೆಯದಕ್ಕೆ ಮೊದಲು ಸೋಲಾಯಿತು. ಅವರು ಬಿಡದೆ ಮತ್ತೆ ತಂದರು. 1898ರಲ್ಲಿ ಅಲ್ಪ ಬಹುಮತದಿಂದ ಅದು ಅಂಗೀಕೃತವಾಯಿತು. ಒಂದೇ ವಾಕ್ಯದ ಈ ಅಧಿಕಾರ ಮುಂದೆ ಲಕ್ಷಾಂತರ ಮನೆಗಳ ಒಲೆಯವರೆಗೂ ಹೋಯಿತು.

ಇಷ್ಟು ದುಡಿದ ಮೇಲೆ, ಸಂವಿಧಾನವು ಜನರ ಮತಕ್ಕೆ ಬಂದಾಗ ಹಿಗ್ಗಿನ್ಸರು ಅದನ್ನು ವಿರೋಧಿಸಿದರೆಂದರೆ ಆಶ್ಚರ್ಯವಾದೀತು. ಜನಸಂಖ್ಯೆ ಹೆಚ್ಚಿರಲಿ ಕಡಿಮೆಯಿರಲಿ ಎಲ್ಲ ರಾಜ್ಯಗಳಿಗೂ ಸೆನೆಟ್ಟಿನಲ್ಲಿ ಸಮಸ್ಥಾನವೆಂಬುದು ಪ್ರಜಾಪ್ರಭುತ್ವಕ್ಕೆ ಹೊಂದದೆಂದೂ, ತಿದ್ದುವುದಕ್ಕೆ ಕಷ್ಟವಾದ ಶಾಸನ ಮುಂದಿನವರ ಕೈ ಕಟ್ಟುವುದೆಂದೂ ಅವರು ವಾದಿಸಿದರು. 1899ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೈನ್ಯ ಕಳುಹಿಸುವ ಪ್ರಸ್ತಾಪ ಬಂದಾಗ, ಯುದ್ಧೋತ್ಸಾಹದ ಆ ದಿನಗಳಲ್ಲಿ, ಅದು ಅನ್ಯಾಯದ ಯುದ್ಧವೆಂದು ಎದ್ದುನಿಂತು ಹೇಳಿದರು. ಅದರ ಬೆಲೆಯನ್ನು 1900ರ ಚುನಾವಣೆಯಲ್ಲಿ ತೆತ್ತರು. ಜೀಲಾಂಗಿನ ಮತದಾರರು ಅವರನ್ನು ಮನೆಗೆ ಕಳುಹಿಸಿದರು. ಹರಿವ ನೀರಿಗೆ ಎದುರು ಈಸುವ ಈ ಸ್ವಭಾವ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

1901ರಲ್ಲಿ ಹೊಸ ರಾಷ್ಟ್ರದ ಮೊದಲ ಪಾರ್ಲಿಮೆಂಟಿಗೆ ಉತ್ತರ ಮೆಲ್ಬರ್ನಿನ ಜನ ಅವರನ್ನು ಆರಿಸಿದರು. 1904ರಲ್ಲಿ ವಾಟ್ಸನ್ ಎಂಬವರ ನಾಯಕತ್ವದಲ್ಲಿ ಕಾರ್ಮಿಕಪಕ್ಷ ಮಂತ್ರಿಮಂಡಲವನ್ನು ರಚಿಸಿದಾಗ, ಅಟಾರ್ನಿ ಜನರಲ್ ಸ್ಥಾನಕ್ಕೆ ತಕ್ಕ ಅನುಭವಿ ವಕೀಲರು ಆ ಪಕ್ಷದಲ್ಲಿ ದೊರೆಯಲಿಲ್ಲ. ಆಗ ಪಕ್ಷದ ಸದಸ್ಯರಲ್ಲದ ಹಿಗ್ಗಿನ್ಸರಿಗೆ ಕರೆ ಬಂದಿತು. ಆ ಮಂತ್ರಿಮಂಡಲ ನಾಲ್ಕು ತಿಂಗಳು ಬಾಳಿತು. ಮಧ್ಯಸ್ಥಿಕೆಯ ಮಸೂದೆಯೇ ಆ ವರ್ಷ ಮಂತ್ರಿಮಂಡಲಗಳನ್ನು ಉರುಳಿಸುತ್ತಿತ್ತು. ಅದರ ಮೇಲೆ ಡೀಕಿನ್ನರ ಸರ್ಕಾರ ಬಿದ್ದಿತು, ವಾಟ್ಸನ್ನರದೂ ಬಿದ್ದಿತು; ಕೊನೆಗೆ ವರ್ಷಾಂತ್ಯದಲ್ಲಿ ಮೂರನೆಯ ಸರ್ಕಾರದ ಕಾಲಕ್ಕೆ ಮಸೂದೆ ಶಾಸನವಾಯಿತು. 1905ರಲ್ಲಿ ತಾವು ಹುಟ್ಟಿದ ಐರ್ಲೆಂಡಿಗೆ ಸ್ವರಾಜ್ಯ ದೊರೆಯಬೇಕೆಂಬ ನಿರ್ಣಯವನ್ನು ಹಿಗ್ಗಿನ್ಸರು ಸಭೆಯಲ್ಲಿ ಮಂಡಿಸಿ ಗೆದ್ದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಡದೆ ಹೇಳಬೇಕು. ಅದೇ ಮೊದಲ ಪಾರ್ಲಿಮೆಂಟು 1901ರಲ್ಲಿ ಏಷ್ಯಾದವರನ್ನು ಹೊರಗಿಡುವ ವಲಸೆ ಶಾಸನವನ್ನು ಮಾಡಿತು. ಬಂದಿಳಿದವನಿಗೆ ಅಧಿಕಾರಿಯು ಯೂರೋಪಿನ ಯಾವುದಾದರೊಂದು ಭಾಷೆಯಲ್ಲಿ ಐವತ್ತು ಮಾತುಗಳ ಉಕ್ತಲೇಖನ ಕೊಡುವನು. ಬರೆಯಲಾರದವನು ಹಿಂದಕ್ಕೆ ಹೋಗತಕ್ಕದ್ದು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಪಂಡಿತನಾದರೂ, ಬೇರೊಂದು ಭಾಷೆಯಲ್ಲಿ ಬರೆಯಿಸಿ ಅವನನ್ನು ಸೋಲಿಸಬಹುದಾಗಿತ್ತು. ಈ ಪರೀಕ್ಷೆ 1958ರವರೆಗೂ ಕಾನೂನಿನಲ್ಲಿ ಉಳಿದಿತ್ತು. ಸ್ವತಃ ವಲಸೆ ಬಂದು ಬಾಳು ಕಟ್ಟಿಕೊಂಡ ಹಿಗ್ಗಿನ್ಸರು ಈ ನೀತಿಯ ಬೆಂಬಲಿಗರಾಗಿದ್ದರು. ಬೋಯರರಿಗೂ ಐರಿಷರಿಗೂ ನ್ಯಾಯ ಬೇಡಿದ ಕಂಠ ಇಲ್ಲಿ ತನ್ನ ಕಾಲದ ಮತ್ತು ತನ್ನ ಜನದ ಕಂಠವೇ ಆಯಿತು. ಅವರ ಗುಣವನ್ನು ಕೊಂಡಾಡುವ ನಾವು ಈ ಮಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

1906ರಲ್ಲಿ ರಾಷ್ಟ್ರದ ಹೈಕೋರ್ಟಿನ ನ್ಯಾಯಮೂರ್ತಿಗಳ ಸಂಖ್ಯೆಯನ್ನು ಮೂರರಿಂದ ಐದಕ್ಕೆ ಏರಿಸಿದಾಗ ಐಸಾಕ್ಸ್ ಮತ್ತು ಹಿಗ್ಗಿನ್ಸರು ನೇಮಕಗೊಂಡರು. ಆ ಪೀಠದ ಮುಖ್ಯ ನ್ಯಾಯಮೂರ್ತಿ ಗ್ರಿಫಿತ್ತರೂ ವೇಲ್ಸಿನಲ್ಲಿ ಹುಟ್ಟಿ ಬಾಲ್ಯದಲ್ಲಿ ವಲಸೆ ಬಂದವರೇ. ಮರುವರ್ಷ ಹಿಗ್ಗಿನ್ಸರು ಸಂಧಾನ ಮಧ್ಯಸ್ಥಿಕೆಗಳ ನ್ಯಾಯಾಲಯದ ಅಧ್ಯಕ್ಷರೂ ಆದರು. ಈ ನ್ಯಾಯಾಲಯದ ರೀತಿ ಹೀಗಿತ್ತು: ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಅಲ್ಲಿ ದಾಖಲಾಗಬೇಕು. ವಿವಾದ ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಹಬ್ಬಿದರೆ ಅಧ್ಯಕ್ಷರು ಎರಡೂ ಕಡೆಯವರನ್ನು ಕರೆಸಿ ಕೂರಿಸಿ ರಾಜಿಗೆ ಯತ್ನಿಸುವರು. ಕರೆದಾಗ ಬಾರದಿರುವಂತಿಲ್ಲ. ರಾಜಿಯಾಗದಿದ್ದರೆ ವಿಚಾರಣೆ, ಆಮೇಲೆ ತೀರ್ಪು. ತೀರ್ಪಿಗೆ ಕಾನೂನಿನ ಬಲ. ಹಿಂದೆ ಶಾಸನಕರ್ತರಾಗಿ ತಾವೇ ಸಂವಿಧಾನದಲ್ಲಿ ಬಿತ್ತಿದ ಬೀಜದ ಗಿಡಕ್ಕೆ ಈಗ ನ್ಯಾಯಾಧೀಶರಾಗಿ ನೀರೆರೆಯುವ ಸಂದರ್ಭ ಹಿಗ್ಗಿನ್ಸರಿಗೆ ಒದಗಿತು.

ಆದರೆ ಅವರನ್ನು ಪ್ರಸಿದ್ಧರನ್ನಾಗಿ ಮಾಡಿದ ಮೊದಲ ಮೊಕದ್ದಮೆ ಮುಷ್ಕರದಿಂದ ಬಂದುದಲ್ಲ, ಸುಂಕದಿಂದ ಬಂದುದು. ಪ್ರಧಾನಮಂತ್ರಿ ಡೀಕಿನ್ನರ ಸರ್ಕಾರ ಸ್ವದೇಶೀ ಕಾರ್ಖಾನೆಗಳಿಗೆ ರಕ್ಷಣೆ ಕೊಡಲು ಹೊರಗಿನ ವ್ಯವಸಾಯ ಯಂತ್ರಗಳ ಮೇಲೆ ಆಮದು ಸುಂಕ ಹಾಕಿತು. ರಕ್ಷಣೆಯ ಲಾಭವೆಲ್ಲ ಮಾಲೀಕರ ಪೆಟ್ಟಿಗೆಗೇ ಹೋದರೆ ಕೂಲಿಗಾರನಿಗೇನು? ಆದುದರಿಂದ 1906ರಲ್ಲಿ ಇನ್ನೊಂದು ಶಾಸನವಾಯಿತು. ಒಳನಾಡಿನಲ್ಲಿ ತಯಾರಾದ ಯಂತ್ರಗಳ ಮೇಲೂ ಒಂದು ಸುಂಕ; ಆದರೆ ಕೆಲಸಗಾರರಿಗೆ ನ್ಯಾಯವಾದ, ಯುಕ್ತವಾದ ಕೂಲಿ ಕೊಡುವ ಕಾರ್ಖಾನೆಗೆ ಆ ಸುಂಕ ಮಾಫಿ. ನ್ಯಾಯವಾದ ಕೂಲಿ ಯಾವುದೆಂಬುದನ್ನು ಮಾತ್ರ ಶಾಸನ ಹೇಳಲಿಲ್ಲ. ಅದನ್ನು ಮಧ್ಯಸ್ಥಿಕೆಯ ನ್ಯಾಯಾಲಯದ ಅಧ್ಯಕ್ಷರು ಹೇಳಬೇಕೆಂದು ಬಿಟ್ಟಿತು.

ಮೆಲ್ಬರ್ನಿನ ಬಳಿ ಸನ್‌ಷೈನ್ ಎಂಬಲ್ಲಿ ಹ್ಯೂ ವಿಕ್ಟರ್ ಮೆಕೇ ಎಂಬವರ ದೊಡ್ಡ ಕಾರ್ಖಾನೆಯಿತ್ತು. ಗೋಧಿಯ ತೆನೆಯನ್ನು ಕಿತ್ತು, ಒಕ್ಕಿ, ತೂರಿ, ಕಾಳನ್ನು ಬೇರ್ಪಡಿಸುವ ಯಂತ್ರ ಅಲ್ಲಿ ಸಿದ್ಧವಾಗುತ್ತಿತ್ತು. ಮೆಕೇ ಸಮರ್ಥರು, ರೈತನ ಮಗನಾಗಿ ಹುಟ್ಟಿ ಸ್ವಂತ ಬುದ್ಧಿಯಿಂದ ಮೇಲೆ ಬಂದವರು. ಸುಂಕದ ಮಾಫಿಗಾಗಿ ಅವರು ಅರ್ಜಿ ಹಾಕಿದರು. ಕಾರ್ಮಿಕ ಸಂಘಗಳು ವಿರೋಧಿಸಿದವು. 1907ರ ಅಕ್ಟೋಬರಿನಲ್ಲಿ ವಿಚಾರಣೆ ಪ್ರಾರಂಭವಾಗಿ ನವೆಂಬರ್ 8ರಂದು ತೀರ್ಪು ಹೊರಬಂದಿತು. ಯಂತ್ರದ ಹೆಸರಿನಿಂದ ಇದನ್ನು ಹಾರ್ವೆಸ್ಟರ್ ತೀರ್ಪೆಂದು ಕರೆಯುತ್ತಾರೆ.

ಶಾಸನಸಭೆಯು ತನ್ನ ಹೊಣೆಯನ್ನು ನ್ಯಾಯಾಧೀಶನ ತಲೆಗೆ ಹೊರಿಸಿದೆಯೆಂದು ಹಿಗ್ಗಿನ್ಸರು ಮೊದಲಿಗೇ ಎತ್ತಿ ಆಡಿದರು. ಆಮೇಲೆ ಅವರು ತರ್ಕಿಸಿದ ಕ್ರಮ ಇದು: ಪೇಟೆಯ ಚೌಕಾಸಿಯಲ್ಲಿ ದೊರೆಯುವ ಕೂಲಿಯೇ ನ್ಯಾಯವಾದ ಕೂಲಿ ಎಂದಾಗಿದ್ದರೆ ಈ ಶಾಸನವೇ ಬೇಕಿರಲಿಲ್ಲ. ಚೌಕಾಸಿಯಲ್ಲಿ ಒಬ್ಬನ ಹಿಂದೆ ಬಂಡವಾಳವಿದೆ, ಮತ್ತೊಬ್ಬನ ಹಿಂದೆ ಹಸಿವಿದೆ; ಸಮಾನರಲ್ಲದವರ ಒಪ್ಪಂದ ಅಳತೆಗೋಲಾಗಲಾರದು. ಆದುದರಿಂದ ಬೇರೆ ಅಳತೆಗೋಲು ಬೇಕು. ನಾಗರಿಕ ಸಮಾಜದಲ್ಲಿ ಮನುಷ್ಯನಾಗಿ ಬಾಳುವ ಸಾಧಾರಣ ಕೆಲಸಗಾರನೊಬ್ಬನಿಗೆ ವಾಡಿಕೆಯಾಗಿ ಏನೇನು ಅವಶ್ಯವೋ ಅದೇ ಅಳತೆಗೋಲು. ಇದಕ್ಕೆ ಅವರೊಂದು ದೃಷ್ಟಾಂತ ಕೊಟ್ಟರು: ಒಬ್ಬನು ತನ್ನ ಕುದುರೆಗಳನ್ನು ನ್ಯಾಯವಾಗಿ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಇನ್ನೊಬ್ಬನಿಗೆ ಒಪ್ಪಿಸಿದರೆ, ಅವನು ಅವುಗಳಿಗೆ ಮೇವು, ನೀರು, ನೆರಳು, ವಿಶ್ರಾಂತಿಗಳನ್ನು ಕೊಡಬೇಕೆಂಬುದರಲ್ಲಿ ಸಂದೇಹವುಂಟೆ? ಹಾಗಾದರೆ ಮನುಷ್ಯನ ವಿಷಯದಲ್ಲಿ ಅದೇ ಮಾತಿಗೆ ಅದಕ್ಕಿಂತ ಕಡಿಮೆ ಅರ್ಥವಿರಲಾರದು.

ತತ್ತ್ವವನ್ನು ಹೇಳಿ ಬಿಡುವುದು ಸುಲಭ. ಅದನ್ನು ಷಿಲ್ಲಿಂಗು ಪೆನ್ನಿಗಳಿಗೆ ಇಳಿಸುವುದು ಕಷ್ಟ. ಅದಕ್ಕಾಗಿ ಹಿಗ್ಗಿನ್ಸರು ಅರ್ಥಶಾಸ್ತ್ರಜ್ಞರ ಗ್ರಂಥಗಳ ಮೊರೆಹೋಗದೆ ಗೃಹಿಣಿಯರ ಸಾಕ್ಷ್ಯಕ್ಕೆ ಕಿವಿಗೊಟ್ಟರು. ಕೆಲಸಗಾರರ ಹೆಂಡಂದಿರು ಸಾಕ್ಷಿಗಳಾಗಿ ಬಂದು ಮನೆಯ ಬಾಡಿಗೆ ಎಷ್ಟು, ರೊಟ್ಟಿಗೆಷ್ಟು, ಮಾಂಸಕ್ಕೆಷ್ಟು, ಹಾಲು ಸೌದೆ ತರಕಾರಿಗಳಿಗೆಷ್ಟು ಎಂದು ವಾರದ ಲೆಕ್ಕವನ್ನು ಹೇಳಿದರು. ಸುಮಾರು ಐದು ಜನರ ಸಂಸಾರಕ್ಕೆ ಇವಿಷ್ಟರ ಸರಾಸರಿ ವಾರಕ್ಕೆ 1 ಪೌಂಡು 12 ಷಿಲ್ಲಿಂಗು 5 ಪೆನ್ಸ್ ಎಂದು ಕಂಡುಬಂದಿತು. ಮೆಕೇ ಅವರ ಕಾರ್ಖಾನೆಯಲ್ಲಿ ಕಸುಬು ಕಲಿಯದ ಕೂಲಿಗಾರನಿಗೆ ದಿನಕ್ಕೆ 6 ಷಿಲ್ಲಿಂಗು; ಆರು ದಿನ ತಪ್ಪದೆ ದುಡಿದರೆ ವಾರಕ್ಕೆ 36. ಮೇಲುನೋಟಕ್ಕೆ ಮೂರೂವರೆ ಷಿಲ್ಲಿಂಗು ಮಿಕ್ಕಿತು. ಆದರೆ ಲೆಕ್ಕದಲ್ಲಿ ಸೇರದಿದ್ದುದನ್ನು ನ್ಯಾಯಮೂರ್ತಿಗಳು ಒಂದೊಂದಾಗಿ ಎಣಿಸಿದರು: ದೀಪ, ಬಟ್ಟೆ, ಪಾದರಕ್ಷೆ, ಪಾತ್ರೆ, ಕಂದಾಯ, ಜೀವವಿಮೆ, ಉಳಿತಾಯ, ಕೆಲಸ ತಪ್ಪಿದ ದಿನಗಳ ನಷ್ಟ, ಸಂಘದ ಚಂದಾ, ಪುಸ್ತಕ, ವೃತ್ತಪತ್ರಿಕೆ, ಟ್ರಾಮಿನ ಛಾರ್ಜು, ಹೊಲಿಗೆಯ ಯಂತ್ರ, ಮಕ್ಕಳ ಶಾಲೆಯ ಸಾಮಾನು, ವಿನೋದ, ಹೊಗೆಸೊಪ್ಪು, ಕಾಯಿಲೆ, ಸಾವು, ದೇವರ ಕಾರ್ಯ, ದಾನಧರ್ಮ.

ಈ ಪಟ್ಟಿಯನ್ನು ನಾವು ಬೇಕೆಂದೇ ವಿಸ್ತಾರವಾಗಿ ಹೇಳಿದೆವು. ತೀರ್ಪಿನ ಜೀವ ಇರುವುದು ಇದರಲ್ಲಿ. ಬದುಕುವುದಕ್ಕೆ ಹಿಟ್ಟು ಸಾಕು. ಆದರೆ ಬಾಳುವುದಕ್ಕೆ ಹಿಟ್ಟಿನ ಜತೆಗೆ ಪತ್ರಿಕೆಯೂ ಬೇಕು, ರಜದ ದಿನವೂ ಬೇಕು, ಭಿಕ್ಷುಕನಿಗೆ ಕೊಡುವುದಕ್ಕೆ ಒಂದು ಕಾಸೂ ಬೇಕು. ಕೂಲಿಗಾರನ ಅಗತ್ಯಗಳಲ್ಲಿ ಅವನು ಮಾಡುವ ದಾನವನ್ನೂ ಸೇರಿಸಿದ ನ್ಯಾಯಾಧೀಶರು ವಿರಳ. ಕೊನೆಗೆ, ಲಾಭದಾಸೆಯಿಲ್ಲದ ಸಾರ್ವಜನಿಕ ಸಂಸ್ಥೆಗಳು ಕೂಲಿಗಾರರಿಗೆ ಕೊಡುತ್ತಿದ್ದ ದರವನ್ನೂ ನೋಡಿ, ದಿನಕ್ಕೆ 7 ಷಿಲ್ಲಿಂಗು, ವಾರಕ್ಕೆ 42 ಷಿಲ್ಲಿಂಗು, ಕನಿಷ್ಠವಾದ ನ್ಯಾಯವಾದ ಕೂಲಿಯೆಂದು ತೀರ್ಮಾನಿಸಿದರು. ಕಸುಬುಗಾರರಿಗೆ ಅವರವರ ನೈಪುಣ್ಯಕ್ಕೆ ತಕ್ಕಂತೆ ಇದರ ಮೇಲೆ ಹೆಚ್ಚಿಗೆ. ಮೆಕೇ ಅವರ ಅರ್ಜಿ ವಜಾ ಆಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ನಮ್ಮಲ್ಲಿದೆ. 1908ರಲ್ಲಿ ಹೈಕೋರ್ಟು ಆ ಸುಂಕದ ಶಾಸನವೇ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಸುಂಕದ ವೇಷದಲ್ಲಿ ರಾಷ್ಟ್ರವು ರಾಜ್ಯಗಳ ಅಧಿಕಾರದೊಳಕ್ಕೆ ಕೈಚಾಚಿದೆಯೆಂದು ಮೂವರು ನ್ಯಾಯಮೂರ್ತಿಗಳ ಮತ. ಹಿಗ್ಗಿನ್ಸ್ ಮತ್ತು ಐಸಾಕ್ಸರದು ಭಿನ್ನಮತ. ಸನ್‌ಷೈನಿನ ಕೂಲಿಗಾರನಿಗೆ ಏಳನೆಯ ಷಿಲ್ಲಿಂಗು ಆ ದಾರಿಯಿಂದ ಬರಲಿಲ್ಲ. ಆದರೆ ಶಾಸನ ಬಿದ್ದರೂ ಅಳತೆಗೋಲು ಉಳಿಯಿತು. ಮುಂದೆ ತಮ್ಮ ಮುಂದೆ ಬಂದ ವಿವಾದಗಳಲ್ಲೆಲ್ಲ ಹಿಗ್ಗಿನ್ಸರು ಅದನ್ನೇ ಆಧಾರವಾಗಿ ಹಿಡಿದರು. ಬೆಲೆಗಳು ಏರಿದಂತೆಲ್ಲ ಸರ್ಕಾರದ ಅಂಕಿಅಂಶಗಳ ಇಲಾಖೆ ಪ್ರಕಟಿಸುತ್ತಿದ್ದ ಧಾರಣೆಯ ಪಟ್ಟಿಯನ್ನು ನೋಡಿ ಕೂಲಿಯನ್ನು ಏರಿಸಿದರು. ನಿಧಾನವಾಗಿ ಇತರ ಪಂಚಾಯಿತಿ ಮಂಡಳಿಗಳೂ ಅನುಸರಿಸಿದವು. ಹತ್ತು ಹನ್ನೆರಡು ವರ್ಷಗಳಲ್ಲಿ ಅದು ದೇಶದ ಮೂಲವೇತನವೆನಿಸಿತು.

ಅತ್ಯಂತ ಕಠಿಣವಾದ ಪ್ರಶ್ನೆ ಬಂದುದು 1909ರಲ್ಲಿ, ಬ್ರೋಕನ್ ಹಿಲ್ ಗಣಿಗಳ ವಿವಾದದಲ್ಲಿ. ಸೀಸದ ಬೆಲೆ ಬಿದ್ದಿದೆ, ಹಳೆಯ ಕೂಲಿ ಕೊಡಲಾಗದು ಎಂದು ಕಂಪನಿಯ ವಾದ. ಹಿಗ್ಗಿನ್ಸರ ಉತ್ತರ ನಿಷ್ಠುರವಾಗಿತ್ತು. ನೈಪುಣ್ಯದ ಹೆಚ್ಚಳವನ್ನು ಕಷ್ಟಕಾಲದಲ್ಲಿ ತಗ್ಗಿಸಬಹುದು; ಜೀವನಾಧಾರದ ಕೂಲಿಯನ್ನು ಮುಟ್ಟಕೂಡದು. ಅಷ್ಟನ್ನೂ ಕೊಡದೆ ನಡೆಯಲಾರದ ಗಣಿಯಾದರೆ ಅದು ಮುಚ್ಚುವುದೇ ಮೇಲು. ಕಂಪನಿಯು ಗಣಿಯನ್ನು ಕೆಲಕಾಲ ಮುಚ್ಚಿಯೇ ಇಟ್ಟಿತು. ಕೆಲಸವೇ ಇಲ್ಲದವನಿಗೆ ನ್ಯಾಯವಾದ ಕೂಲಿಯಿಂದ ಏನು ಪ್ರಯೋಜನವೆಂದು ಆಗ ಕೇಳಿದವರುಂಟು. ಅಂದಿನಿಂದ ಇಂದಿನವರೆಗೂ ಅರ್ಥಶಾಸ್ತ್ರಜ್ಞರು ಆ ಪ್ರಶ್ನೆಯನ್ನು ಕೇಳುತ್ತಲೇ ಇದ್ದಾರೆ. ಹಿಗ್ಗಿನ್ಸರ ಪಕ್ಷದಿಂದ ಹೇಳಬಹುದಾದುದಿಷ್ಟು: ಗಣಿಗೆ ಬೇಕಾದ ಮರಮುಟ್ಟು ಕಬ್ಬಿಣಗಳಿಗೆ ಪೂರಾ ಬೆಲೆ ತೆರುವ ಮಾಲೀಕನು ಮನುಷ್ಯನಿಗೆ ಮಾತ್ರ ಅರೆಬೆಲೆ ತೆತ್ತು ಲಾಭ ತೋರಿಸುವುದು ಉದ್ಯಮವಲ್ಲ, ಆ ನಷ್ಟವನ್ನು ಅವನ ಹೆಂಡತಿಮಕ್ಕಳ ಹೊಟ್ಟೆಯ ಮೇಲೆ ಬರೆದಂತೆ.

ತೀರ್ಪಿನ ದೋಷಗಳನ್ನೂ ನೋಡೋಣ. ಐದು ಜನರ ಸಂಸಾರವೆಂದು ಲೆಕ್ಕ ಹಾಕಿದ್ದರಿಂದ, ಗಂಡಸೇ ಸಂಸಾರವನ್ನು ಹೊರುವವನೆಂಬ ಕಲ್ಪನೆ ಕೂಲಿಯೊಳಗೆ ಸೇರಿಹೋಯಿತು. 1912ರಲ್ಲಿ ಹಣ್ಣಿನ ತೋಟದ ಕೆಲಸಗಾರರ ವಿವಾದದಲ್ಲಿ, ಗಂಡಸರೂ ಹೆಂಗಸರೂ ಒಂದೇ ಕೆಲಸಕ್ಕೆ ಸ್ಪರ್ಧಿಸುವಲ್ಲಿ ಇಬ್ಬರಿಗೂ ಸಮಾನ ಕೂಲಿಯೆಂದು ಹಿಗ್ಗಿನ್ಸರು ವಿಧಿಸಿದರು. ಆದರೆ ಹೆಂಗಸರದೇ ಎನಿಸಿದ ಕೆಲಸಕ್ಕೆ ಕಡಿಮೆ ದರವನ್ನಿಟ್ಟರು. ಹೆಂಡತಿಮಕ್ಕಳನ್ನು ಸಾಕುವ ಹೊಣೆ ಕಾನೂನಿನಲ್ಲಿ ಗಂಡಸಿನದು ಎಂಬುದು ಕಾರಣ. ವಿಧವೆಯಾಗಿ ಮಕ್ಕಳನ್ನು ಸಾಕುವವಳ ಗತಿಯೇನು, ಒಂಟಿಯಾದ ಗಂಡಸಿಗೆ ಐವರ ಕೂಲಿಯೇಕೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. 1919ರಲ್ಲಿ ಹೆಂಗಸರ ಮೂಲವೇತನ ಗಂಡಸರದರ ಶೇಕಡಾ 54ರಷ್ಟಕ್ಕೆ ನಿಂತಿತು. ಅದನ್ನು ಅಳಿಸಲು 1969, 1972, 1974ರ ತೀರ್ಪುಗಳು ಬೇಕಾದವು. ಆ ನೆಲದ ಮೂಲನಿವಾಸಿಗಳಾದ ದನಗಾಹಿಗಳಿಗೆ ಸಮಾನ ಕೂಲಿಯನ್ನು ವಿಧಿಸಿದ್ದು 1966ರಲ್ಲಿ. ಮನುಷ್ಯನಾಗಿ ಬಾಳುವವನು ಎಂಬ ಆ ದೊಡ್ಡ ಮಾತಿನ ಬಾಗಿಲು ಎಲ್ಲ ಮನುಷ್ಯರಿಗೂ ತೆರೆಯುವುದಕ್ಕೆ ಅರವತ್ತು ವರ್ಷಗಳು ಹಿಡಿದವು.

ಕೊನೆಯ ವರ್ಷಗಳು ಹಿಗ್ಗಿನ್ಸರಿಗೆ ಸುಖದವಾಗಿರಲಿಲ್ಲ. 1916ರ ಡಿಸೆಂಬರಿನಲ್ಲಿ ಅವರ ಒಬ್ಬನೇ ಮಗ ಮರ್ವಿನ್ ಸೈನಾಯ್ ಮರಳುಗಾಡಿನ ಮಗ್ದಾಬಾ ಯುದ್ಧದಲ್ಲಿ ಮಡಿದನು. ಹಿಂದೊಮ್ಮೆ ಯುದ್ಧವನ್ನು ವಿರೋಧಿಸಿ ಸ್ಥಾನ ಕಳೆದುಕೊಂಡ ತಂದೆ ಈಗ ಯುದ್ಧಕ್ಕೆ ಮಗನನ್ನು ಕೊಟ್ಟರು. ಕೆಲಸವೊಂದೇ ಅವರಿಗೆ ಉಳಿದ ಸಮಾಧಾನ. ಅದರಲ್ಲಿಯೂ ಪ್ರಧಾನಮಂತ್ರಿ ಹ್ಯೂಸರೊಡನೆ ವಿರಸ ಬೆಳೆಯಿತು. ಮುಷ್ಕರಗಳು ಬಲವಾದಾಗ ಸರ್ಕಾರವು ನ್ಯಾಯಾಲಯವನ್ನು ಬದಿಗಿಟ್ಟು ತಾನೇ ನಡುವೆ ಬರತೊಡಗಿತು; 1920ರಲ್ಲಿ ಬೇಕಾದಾಗ ಬೇಕಾದ ವಿಶೇಷ ಮಂಡಳಿಗಳನ್ನು ರಚಿಸಿಕೊಳ್ಳುವ ಶಾಸನವನ್ನೂ ಮಾಡಿತು. ಗದ್ದಲ ಹೆಚ್ಚು ಮಾಡಿದವನಿಗೆ ಹೆಚ್ಚು ದೊರೆಯುವಂತಾದರೆ ನ್ಯಾಯಾಲಯಕ್ಕೆ ಯಾರು ಬಂದಾರು? ಹಿಗ್ಗಿನ್ಸರು 1921ರಲ್ಲಿ ಅಧ್ಯಕ್ಷಸ್ಥಾನವನ್ನು ಬಿಟ್ಟರು. ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ ಮುಂದುವರಿದು, ತಮ್ಮ ಅನುಭವಗಳನ್ನು ಕಾನೂನು ಮತ್ತು ಶಾಂತಿಗೆ ದೊರೆತ ಹೊಸ ಪ್ರಾಂತವೆಂಬ ಅರ್ಥದ ಹೆಸರಿಟ್ಟು 1922ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1929ರ ಜನವರಿ 13ರಂದು ಡ್ರೊಮಾನಾ ಎಂಬ ಕಡಲತಡಿಯ ಊರಿನ ತಮ್ಮ ಮನೆಯಲ್ಲಿ ತೀರಿಕೊಂಡರು.

ಅದೇ ವರ್ಷ ಪ್ರಧಾನಮಂತ್ರಿ ಬ್ರೂಸರು ರಾಷ್ಟ್ರೀಯ ಮಧ್ಯಸ್ಥಿಕೆಯ ವ್ಯವಸ್ಥೆಯನ್ನೇ ಬಹುಮಟ್ಟಿಗೆ ರದ್ದುಮಾಡಲು ಹೊರಟು ಅಕ್ಟೋಬರಿನ ಚುನಾವಣೆಯಲ್ಲಿ ಸೋತರು. ಸರ್ಕಾರ ಸೋತಿತು, ಬ್ರೂಸರು ತಮ್ಮ ಕ್ಷೇತ್ರದಲ್ಲಿ ತಾವೂ ಸೋತರು. ಹಿಗ್ಗಿನ್ಸರ ಮಾತಿಗೆ ಅವರ ಮರಣದ ಬಳಿಕ ಮತದಾರರು ಹಾಕಿದ ಸಹಿಯಿದು ಎನ್ನಬಹುದು. ಆದರೆ 1931ರ ಮಹಾಮುಗ್ಗಟ್ಟಿನಲ್ಲಿ ನ್ಯಾಯಾಲಯವೇ ಕೂಲಿಯನ್ನು ಶೇಕಡಾ 10ರಷ್ಟು ಕಡಿಯಿತು. 1967ರಲ್ಲಿ ಮೂಲವೇತನವೆಂಬ ಪದ್ಧತಿ ಕೊನೆಗೊಂಡಿತು. ಕನಿಷ್ಠ ಕೂಲಿಯನ್ನು ಸ್ವತಂತ್ರ ಮಂಡಳಿಯೊಂದು ವಿಚಾರಿಸಿ ನಿಗದಿಮಾಡಬೇಕೆಂಬ ಭಾವನೆ ಮಾತ್ರ ಆ ದೇಶದಲ್ಲಿ ಉಳಿದಿದೆ.

ಇನ್ನು ನಮ್ಮ ದೇಶದ ಮಾತು. 1948ರಲ್ಲಿ ಭಾರತದಲ್ಲಿ ಕನಿಷ್ಠ ವೇತನದ ಶಾಸನವಾಯಿತು. ಅದೇ ವರ್ಷ ನ್ಯಾಯವೇತನವೆಂದರೇನೆಂದು ವಿಚಾರಿಸಲು ಸಮಿತಿಯೊಂದು ನೇಮಕವಾಯಿತು. ಬದುಕಿಸುವ ಕನಿಷ್ಠ ವೇತನ, ಅದಕ್ಕೆ ಮೇಲಾದ ನ್ಯಾಯವೇತನ, ಎಲ್ಲಕ್ಕೂ ಮೇಲಾದ ಜೀವನವೇತನ ಎಂದು ಸಮಿತಿ ಮೂರು ಮೆಟ್ಟಿಲುಗಳನ್ನು ಕಲ್ಪಿಸಿತು. ಕಾರ್ಮಿಕರೆಲ್ಲರಿಗೂ ಜೀವನವೇತನವೂ ಬಿಡುವೂ ಸಂಸ್ಕೃತಿಯ ಭೋಗವೂ ದೊರೆಯುವಂತೆ ರಾಜ್ಯವು ಯತ್ನಿಸತಕ್ಕದ್ದೆಂದು ನಮ್ಮ ಸಂವಿಧಾನದ 43ನೆಯ ವಿಧಿ ಹೇಳುತ್ತದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಇಷ್ಟು ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಸೌದೆ ದೀಪ ಇತ್ಯಾದಿಗಳಿಗೆ ಶೇಕಡಾ 20 ಎಂದು ಲೆಕ್ಕ ಕಟ್ಟಿತು. ಮೆಲ್ಬರ್ನಿನ ಗೃಹಿಣಿಯರ ಪಟ್ಟಿ ಇಲ್ಲಿ ನಮ್ಮ ವೇಷ ತೊಟ್ಟು ಬಂದಂತಿದೆ. 1958ರಲ್ಲಿ ಪತ್ರಿಕಾಕರ್ತರ ವೇತನದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಜೀವನವೇತನದ ಅರ್ಥವನ್ನು ವಿವರಿಸುವಾಗ ಹಿಗ್ಗಿನ್ಸರ ಹಾರ್ವೆಸ್ಟರ್ ತೀರ್ಪನ್ನು ಸ್ಮರಿಸಿತು. ಅದೇ ಕಾಲದಲ್ಲಿ, ಕನಿಷ್ಠ ಕೂಲಿಯನ್ನೂ ಕೊಡಲಾರದ ಉದ್ಯಮಕ್ಕೆ ಬದುಕುವ ಹಕ್ಕಿಲ್ಲವೆಂಬ ತತ್ತ್ವವನ್ನು ಕ್ರೌನ್ ಅಲ್ಯೂಮಿನಿಯಂ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದವರು ನ್ಯಾಯಮೂರ್ತಿ ಗಜೇಂದ್ರಗಡಕರರು. ನಮ್ಮ ಗಜೇಂದ್ರಗಡದ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕೆಲಕಾಲ ಓದಿದವರವರು. ಬ್ರೋಕನ್ ಹಿಲ್ಲಿನ ಮಾತು ಹೀಗೆ ನಮ್ಮ ನ್ಯಾಯಾಸನದಿಂದಲೂ ಕೇಳಿಬಂದಿತು.

ವಕೀಲ, ಶಾಸನಕರ್ತ, ನ್ಯಾಯಾಧೀಶ ಎಂಬ ಮೂರು ಪದವಿಗಳನ್ನು ಏರಿದವರು ಬಹುಮಂದಿ ಇದ್ದಾರೆ. ಹಿಗ್ಗಿನ್ಸರಲ್ಲಿ ಆ ಮೂರೂ ಒಂದೇ ದಾರಿಯ ಮೂರು ಮಜಲುಗಳಾದವು. ಸಹಿ ಹಾಕಿದ ಕರಾರೆಲ್ಲ ನ್ಯಾಯವಲ್ಲವೆಂಬುದನ್ನು ವಕೀಲರಾಗಿ ಕಲಿತರು; ಆ ನಂಬಿಕೆಗೆ ಸಂವಿಧಾನದಲ್ಲಿ ಒಂದು ವಾಕ್ಯದ ಎಡೆಯನ್ನು ಶಾಸನಕರ್ತರಾಗಿ ದೊರಕಿಸಿಕೊಟ್ಟರು; ಆ ವಾಕ್ಯಕ್ಕೆ ಷಿಲ್ಲಿಂಗು ಪೆನ್ನಿಗಳ ಅರ್ಥವನ್ನು ನ್ಯಾಯಾಧೀಶರಾಗಿ ಬರೆದರು. ಆ ಅಂಕಿ ಎಂದೋ ಹಳೆಯದಾಯಿತು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ, ನಮ್ಮ ಗೋಡೆ ಕಟ್ಟುವವನಿಗೆ ತಿಂಗಳ ಕೊನೆಯಲ್ಲಿ ಹಣ ಎಣಿಸಿಕೊಡುವಾಗ, ಪೇಟೆಯ ದರವೆಷ್ಟು ಎಂದು ಕೇಳುವುದು ಎಲ್ಲರ ವಾಡಿಕೆ. ಆ ಹಣದಲ್ಲಿ ಬಾಡಿಗೆ ಹೋಗಿ, ಅಕ್ಕಿಬೇಳೆ ಹೋಗಿ, ಮಗುವಿನ ಪುಸ್ತಕಕ್ಕೆ ಏನು ಉಳಿಯುತ್ತದೆಂದು ಕೇಳುವುದು ಹಿಗ್ಗಿನ್ಸರ ಕ್ರಮ. ಎರಡನೆಯ ಪ್ರಶ್ನೆಯನ್ನೂ ನಮ್ಮ ಶ್ರೋತೃಗಳು ತಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲಿ ಎಂದು ಕೋರಿ ವಿರಮಿಸುತ್ತೇವೆ.